ಎದುರು ಸಾಲು

ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂಬುದು ಅಫ್ರಾಳಿಗೆ ಇನ್ನೂ ತಿಳಿದಿರಲಿಲ್ಲ. ಕನ್ಯಾಮಠದಲ್ಲಿ ಹದಿನೇಳು ವರ್ಷ ಅವು ಸನ್ಯಾಸಿನಿಯ ಉಡುಪಿನ ಅಗಲ ತೋಳುಗಳ ಒಳಗೆ ಒಂದನ್ನೊಂದು ಹಿಡಿದುಕೊಂಡು, ಯಾರ ಕಣ್ಣಿಗೂ ಬೀಳದೆ ಬೆಚ್ಚಗಿದ್ದವು. ಈಗಿನ ನಿಲುವಂಗಿಯ ತೋಳು ಮುಂಗೈಗೆ ಬಿಗಿ. ಹಿಟ್ಟು ನಾದುವಾಗ, ನೀರು ಸೇದುವಾಗ ಪರವಾಗಿಲ್ಲ. ಕೆಲಸ ಮುಗಿದು ಸುಮ್ಮನೆ ನಿಂತ ಗಳಿಗೆಯಲ್ಲಿ ಅವು ಯಾರೋ ಮರೆತುಹೋದ ಕೈಗಳಂತೆ ಎರಡೂ ಪಕ್ಕದಲ್ಲಿ ಜೋತುಬೀಳುತ್ತಿದ್ದವು. ಅಂಗಿಯೂ ಅವಳದಲ್ಲ. ಗಂಡ ಯೋಸನ ಮೊದಲ ಹೆಂಡತಿ ಸಿಬಿಲ್ಲಾಳದು. ಸಿಬಿಲ್ಲಾ ಗಿಡ್ಡ, ಮೈತುಂಬಿದವಳು. ಅಫ್ರಾ ಉದ್ದ, ಕಡ್ಡಿ. ಸೊಂಟದಲ್ಲಿ ಹಿಡಿದು ಹೊಲಿದು, ಅಂಚಿಗೆ ಒಂದು ಗೇಣು ಬೇರೆ ಬಟ್ಟೆ ಜೋಡಿಸಲಾಗಿತ್ತು. ಅದೂ ನೀಲಿಯೇ, ಆದರೆ ಹಳೆಯ ನೀಲಿಗೆ ಹೊಂದದ ನೀಲಿ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಮುಖ ನೋಡುವುದಕ್ಕೆ ಮೊದಲು ಆ ಅಂಚನ್ನು ನೋಡುತ್ತಿದ್ದರು. ಅವರ ಕಣ್ಣು ಅಲ್ಲಿಂದ ಮೇಲೆ ಬರುವಷ್ಟು ಹೊತ್ತು ಅಫ್ರಾ ಏನೋ ಕದ್ದವಳಂತೆ ಕಾಯುತ್ತಿದ್ದಳು.

ಹಿಂದಿನ ಕೊಟ್ಟಿಗೆಯಲ್ಲಿ ಯೋಸ್ ಆಗಲೇ ಕೆಲಸ ಹಿಡಿದಿದ್ದ. ಅವನು ಬಾಚಣಿಗೆ ಮಾಡುವವನು. ಎತ್ತಿನ ಕೊಂಬನ್ನು ಬಿಸಿನೀರಲ್ಲಿ ನೆನೆಸಿ, ಬೆಂಕಿಗೆ ಹಿಡಿದು, ಮೆತ್ತಗಾದ ಮೇಲೆ ಸೀಳಿ ಹಲಗೆಯಂತೆ ಚಪ್ಪಟೆ ಒತ್ತುತ್ತಿದ್ದ. ಸುಟ್ಟ ಕೂದಲಿನಂಥ ಆ ವಾಸನೆ ಗೋಡೆ, ಹಾಸಿಗೆ, ರೊಟ್ಟಿ ಎಲ್ಲದರೊಳಗೂ ಇಳಿದಿತ್ತು. ಊಟಕ್ಕೆ ಬರುವ ಮೊದಲು ಅವನು ಬೂದಿ ಹಾಕಿ ಮೊಣಕೈವರೆಗೂ ಉಜ್ಜಿ ತೊಳೆದುಕೊಳ್ಳುತ್ತಿದ್ದ. ಈ ರೂಢಿ ಅವನಿಗೆ ಮೊದಲಿರಲಿಲ್ಲ, ಮಠದವಳು ಬಂದಮೇಲೆ ಶುರುವಾಯಿತು ಎಂದು ಫ್ರೋನಿ ಅಜ್ಜಿ ಬೀದಿಗೆಲ್ಲ ಹೇಳಿದ್ದಳು. ಮದುವೆಯಾಗಿ ನಾಲ್ಕು ತಿಂಗಳಾದರೂ ಅವನು ಹೆಂಡತಿಯನ್ನು ‘ನೀವು’ ಎನ್ನುತ್ತಿದ್ದ. ಹಾಸಿಗೆಯಲ್ಲೂ ಹಾಗೇ. ಒಮ್ಮೆ ಅವಳ ಕತ್ತರಿಸಿದ ಕೂದಲು, ಆಗಿನ್ನೂ ಕಿವಿಯ ತನಕ ಬೆಳೆದಿದ್ದದ್ದು, ಮುಸುಕು ಜಾರಿ ಕಂಡಾಗ ಅವನು ಥಟ್ಟನೆ ಗೋಡೆಯ ಕಡೆ ತಿರುಗಿ, ‘ತಪ್ಪಾಯ್ತು, ನೀವು ಸರಿಮಾಡ್ಕೊಳ್ಳಿ’ ಅಂದಿದ್ದ. ಬಾಚಣಿಗೆಯವನ ಹೆಂಡತಿಗೆ ಬಾಚಲು ಕೂದಲಿಲ್ಲವೆಂಬ ನಗೆಮಾತು ಊರಲ್ಲಿ ಹುಟ್ಟಿಕೊಂಡದ್ದು ಅವನ ಕಿವಿಗೂ ಬಿದ್ದಿರಬೇಕು. ಅವನು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಒಲೆಯ ಪಕ್ಕದ ಬೆಂಚು ಫ್ರೋನಿ ಅಜ್ಜಿಯದು. ಅವಳು ಯೋಸನ ತಾಯಿಯಲ್ಲ, ಸತ್ತ ಸಿಬಿಲ್ಲಾಳ ತಾಯಿ. ಮಗಳು ಸತ್ತರೂ ಅಳಿಯನ ಮನೆ ಬಿಟ್ಟು ಹೋಗಲು ಅವಳಿಗೆ ಬೇರೆ ಮನೆಯಿರಲಿಲ್ಲ, ಹೋಗು ಎನ್ನುವ ಬಾಯಿ ಯೋಸನಿಗಿರಲಿಲ್ಲ. ಅವಳನ್ನು ಯಾವ ನಂಟಿನಿಂದ ಕರೆಯಬೇಕೋ ಗೊತ್ತಾಗದೆ ಅಫ್ರಾ, ಬೀದಿಯವರೆಲ್ಲ ಕರೆಯುವಂತೆ, ಅಜ್ಜಿ ಎನ್ನುತ್ತಿದ್ದಳು. ಅಜ್ಜಿ ಅವಳನ್ನು ಮಠದವಳೇ ಎನ್ನುತ್ತಿದ್ದಳು. ‘ಮಠದವಳೇ, ನಿಮ್ಮಲ್ಲಿ ಹಿಟ್ಟು ಜಪ ಕೇಳಿ ಉಬ್ಬುತ್ತಿತ್ತೋ ಏನೋ, ಇಲ್ಲಿ ಹುಳಿಹಿಟ್ಟು ಹಾಕಬೇಕು.’ ನಾನು ಅಡುಗೆಮನೆಯಲ್ಲಿರಲಿಲ್ಲ, ಪುಸ್ತಕದ ಕೋಣೆಯಲ್ಲಿದ್ದೆ ಎಂದರೆ, ‘ಹಾಗಾದ್ರೆ ಪುಸ್ತಕ ಬೇಯಿಸಿ ಹಾಕು ತಾಯಿ, ತಿಂತೀವಿ.’ ದಿನವೂ ಇಂಥದು ಒಂದೆರಡು ಇದ್ದೇ ಇರುತ್ತಿತ್ತು. ಇವತ್ತು ಬೆಳಗಿನಿಂದ ಒಂದೂ ಬಂದಿರಲಿಲ್ಲ. ಅಜ್ಜಿ ಮಡಿಲಲ್ಲಿ ಟರ್ನಿಪ್ ಗಡ್ಡೆಗಳನ್ನಿಟ್ಟುಕೊಂಡು, ಚಾಕು ಹಿಡಿದು, ಒಂದನ್ನೂ ಸುಲಿಯದೆ ಕೂತಿದ್ದಳು. ಬೈಗುಳಕ್ಕಿಂತ ಆ ಮೌನವೇ ಅಫ್ರಾಳ ಬೆನ್ನಿಗೆ ಚುಚ್ಚುತ್ತಿತ್ತು. ನಾದಿದ ಹಿಟ್ಟನ್ನೇ ಮತ್ತೆ ನಾದಿದಳು. ಏನು ತಪ್ಪು ಮಾಡಿದೆ, ಉಪ್ಪಿನ ಡಬ್ಬಿ ಮುಚ್ಚಲಿಲ್ಲವೆ, ಸಿಬಿಲ್ಲಾಳ ಬಟ್ಟಲಲ್ಲಿ ಕುಡಿದೆನೆ. ಮಠದಲ್ಲಿ ಶುಕ್ರವಾರ ಶುಕ್ರವಾರ ಎಲ್ಲರೂ ಸಾಲಾಗಿ ಮಂಡಿಯೂರಿ ತಂತಮ್ಮ ತಪ್ಪು ಹೇಳಿಕೊಳ್ಳುತ್ತಿದ್ದರು, ಮಠದ ಮುಖ್ಯಸ್ಥೆ ಅಮ್ಮನವರು ಅದಕ್ಕಿಷ್ಟು ಇದಕ್ಕಿಷ್ಟು ಎಂದು ಪ್ರಾಯಶ್ಚಿತ್ತ ಕೊಡುತ್ತಿದ್ದರು, ಮುಗಿಯುತ್ತಿತ್ತು. ಹೊರಗಿನ ಲೋಕದಲ್ಲಿ ತಪ್ಪುಗಳು ಮುಗಿಯುವ ದಿನವೇ ಇರಲಿಲ್ಲ.

‘ಇವತ್ತಿಗೆ ಒಂದು ವರ್ಷ,’ ಅಂದಳು ಅಜ್ಜಿ.

ಅಫ್ರಾ ಕೈ ನಿಲ್ಲಿಸಿದಳು.

‘ನನ್ನ ಮಗಳು ಬಿಲ್ಲಿ ಹೋಗಿ. ಇದೇ ಹೊತ್ತು. ಜ್ವರ ಬಿಟ್ಟಿತು ಅಂದ್ಕೊಂಡ್ವಿ, ಅವಳೇ ಬಿಟ್ಟುಹೋಗಿದ್ದಳು.’ ಅಜ್ಜಿ ಚಾಕುವಿನ ತುದಿಯಿಂದ ಒಂದು ಗಡ್ಡೆಯ ಮಣ್ಣು ಕೆರೆದಳು. ‘ಹಿಂದೆ ಆಗಿದ್ರೆ ಮಠದಲ್ಲಿ ವರ್ಷದ ಪೂಜೆ ಆಗ್ತಿತ್ತು. ಹೆಸರು ಹೇಳಿ ಹಾಡ್ತಿದ್ರು. ಈಗ ಅದೆಲ್ಲ ಕೂಡದು ಅಂತ ನಗರಸಭೆಯೋರು ನಿಲ್ಲಿಸಿದ್ರು. ಸತ್ತೋರಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲವಂತೆ. ಬೇಕಿಲ್ಲ ಅಂತ ಸತ್ತೋರು ಬಂದು ಹೇಳಿದ್ರಾ ಆ ಹೊಸ ಪಾದ್ರಿಗೆ?’

‘ಅಜ್ಜಿ, ಮೆತ್ತಗೆ. ಬೀದಿಗೆ ಕೇಳಿಸತ್ತೆ.’

‘ನೀನು ಹೇಳು. ನಿನಗೆ ಬರತ್ತಲ್ಲ ಆ ಲ್ಯಾಟಿನ್ನು. ಇಲ್ಲೇ ಒಲೆ ಹತ್ರ ಕೂತು ಹೇಳು. ನಾನು ಬಾಗಿಲು ಹಾಕ್ತೀನಿ.’

ಬರುತ್ತಿತ್ತು. ಅದೇ ಕಷ್ಟ. ಮಠ ಬಿಟ್ಟ ಏಳು ತಿಂಗಳಲ್ಲಿ ಅವಳು ಒಂದು ಸಾಲನ್ನೂ ನಾಲಗೆಗೆ ತಂದುಕೊಂಡಿರಲಿಲ್ಲ. ಆದರೂ ಸತ್ತವರಿಗಾಗಿ ಹೇಳುವ ಕೀರ್ತನೆಯ ಮೊದಲ ಶಬ್ದ ಅಜ್ಜಿ ಕೇಳಿದ ಕ್ಷಣವೇ ಗಂಟಲಿಗೆ ಬಂದು ನಿಂತಿತು. ಹೇಳದಂತೆ ತಡೆದದ್ದು ನಗರಸಭೆಯ ಭಯವಲ್ಲ. ಮಠ ಬಿಟ್ಟು ಮದುವೆಯ ತನಕ ಇದ್ದ ಅಣ್ಣನ ಮನೆಯಲ್ಲಿ, ಅಣ್ಣನ ಹೆಂಡತಿಯ ಎದುರು, ಇನ್ನು ಆ ಹಳೆಯದೇನೂ ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಹೇಳಿದ್ದಳಲ್ಲ, ಆ ಮಾತಿನ ಭಯವೂ ಅಲ್ಲ. ಬಿಟ್ಟುಬಂದ ಮನೆಯ ಪಾತ್ರೆಯನ್ನು ಮಡಿಲಲ್ಲಿ ಮುಚ್ಚಿ ತಂದು ಇಲ್ಲಿ ಅಡುಗೆ ಮಾಡಿದಂತೆ ಅನ್ನಿಸುತ್ತಿತ್ತು. ಅದೂ ಯಾರಿಗಾಗಿ? ಯಾರ ಅಂಗಿ ತೊಟ್ಟಿದ್ದಾಳೋ, ಯಾರ ಹಾಸಿಗೆಯ ತಗ್ಗಿನಲ್ಲಿ ಮೈ ಹೊಂದಿಸಿಕೊಂಡು ಮಲಗುತ್ತಾಳೋ, ಅವಳಿಗಾಗಿ. ಆ ಹೆಂಗಸು ಎಲ್ಲಿಂದಲೋ ಕೇಳಿಸಿಕೊಂಡರೆ, ಇದನ್ನೊಂದು ನೀನು ಕೊಡಬೇಕಾಗಿತ್ತೇ ಎಂದಾಳು.

‘ನನ್ನ ಬಾಯಿಗೆ ಬರಲ್ಲ ಅಜ್ಜಿ.’

‘ಅವಳ ಅಂಗಿ ಮಾತ್ರ ಮೈಗೆ ಬಂತು,’ ಅಂದಳು ಅಜ್ಜಿ, ಸಿಟ್ಟಿಲ್ಲದೆ, ಲೆಕ್ಕಕ್ಕೆ ಒಂದು ಮಾತು ಹೇಳಿದಂತೆ. ಆಮೇಲೆ ಗಡ್ಡೆಗಳನ್ನು ನೆಲಕ್ಕೆ ಸುರಿದು, ಗೋಡೆ ಹಿಡಿದು ಎದ್ದು, ಮೂಲೆಯ ಕೋಲು ತೆಗೆದುಕೊಂಡಳು. ‘ಹಾಗಾದ್ರೆ ನಾನೇ ಮಠಕ್ಕೆ ಹೋಗ್ತೀನಿ. ಹನ್ನೊಂದು ಜನ ಇನ್ನೂ ಒಳಗಿದ್ದಾರಂತೆ. ಮೆಲ್ಲಗೆ ಹೇಳ್ಕೋತಾರಂತೆ. ಕಿಂಡಿ ಹತ್ರ ನಿಂತು ಕೇಳ್ತೀನಿ.’

ಮಠಕ್ಕೆ ಮೂರು ಬೀದಿ, ಒಂದು ಸೇತುವೆ. ಅಜ್ಜಿಯ ಕಾಲುಗಳು ಬೆಳಿಗ್ಗೆಯೇ ಬಾತುಕೊಂಡಿರುತ್ತಿದ್ದವು. ಅವಳು ಹೊಸಿಲು ದಾಟಿ ಎರಡು ಹೆಜ್ಜೆ ಹೋಗಿ ನಿಂತದ್ದನ್ನೂ, ನಿಂತದ್ದು ಗೊತ್ತಾಗದಿರಲೆಂದು ಆಕಾಶ ನೋಡಿದಂತೆ ನಟಿಸಿದ್ದನ್ನೂ ಅಫ್ರಾ ಕಿಟಕಿಯಿಂದ ಕಂಡಳು. ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತಲೇ ಹೊರಬಿದ್ದಳು. ಕೊಟ್ಟಿಗೆಯಿಂದ ಗರಗಸದ ಸದ್ದು ಬರುತ್ತಿತ್ತು. ಯೋಸನಿಗೆ ಹೇಳಿಹೋಗಬೇಕಿತ್ತು. ಏನೆಂದು ಹೇಳುವುದು. ಅವನು ತನ್ನ ಕಸುಬಿನ ಸಂಘದಲ್ಲಿ, ಮಠವೂ ಸತ್ತವರ ಪೂಜೆಯೂ ಬೇಡವೆನ್ನುವ ಹೊಸ ಉಪದೇಶಕ್ಕೆ ಮೊದಲು ಕೈಯೆತ್ತಿದವರಲ್ಲಿ ಒಬ್ಬ. ಭಾನುವಾರ ದೇವಾಲಯದಲ್ಲಿ ಅವನು ಹಾಡುವಾಗ ಅವನ ಅಂಜಿಕೆಯ ದನಿ ಬೇರೆಯದೇ ದನಿಯಾಗುತ್ತಿತ್ತು, ಅಗಲವಾಗಿ, ನಂಬಿಕೆಯಿಂದ.

ಅಜ್ಜಿಯ ಮೊಣಕೈ ಹಿಡಿದಳು. ಅಜ್ಜಿ ಕೊಸರಿಕೊಳ್ಳಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ, ಮೈಯ ಭಾರವನ್ನು ಮಾತ್ರ ಅತ್ತ ವಾಲಿಸಿದಳು. ಮುದಿ ಮೊಣಕೈಯ ಚೂಪು ಅಂಗೈಗೆ ತಾಗಿದ್ದೇ ತಡ ಅಫ್ರಾಳಿಗೆ ಬೀದಿಯ ಕಲ್ಲುಗಳು ಮಠದ ಊಟದ ಮನೆಯ ಕಲ್ಲುಗಳಾದವು. ಏಳು ತಿಂಗಳ ಹಿಂದೆ ಅಲ್ಲಿಯೂ ಅವಳ ಬಲಗೈ ಒಂದು ಮುದಿ ಮೊಣಕೈ ಹಿಡಿದಿತ್ತು, ಹಿರಿಯ ಸನ್ಯಾಸಿನಿ ವಾಲ್ಪುರ್ಗಕ್ಕನದು. ಅಕ್ಕನಿಗೆ ಆಗಲೇ ಎದುರಿನ ಮನುಷ್ಯ ಬರೀ ಬೆಳಕು ನೆರಳು. ಹನ್ನೆರಡರ ಹುಡುಗಿಯಾಗಿ ಮಠಕ್ಕೆ ಬಂದ ಅಫ್ರಾಳಿಗೆ ಅಕ್ಷರ ಹೇಳಿಕೊಟ್ಟವಳು ಅವಳು, ಕೀರ್ತನೆಯ ಸಾಲಿನ ನಡುವೆ ಎಲ್ಲಿ ಉಸಿರು ನಿಲ್ಲಿಸಬೇಕೆಂದು ಬೆರಳಿನಿಂದ ಮಂಡಿ ತಟ್ಟಿ ಕಲಿಸಿದವಳು ಅವಳು, ಕೋಸಿನ ಸಾರು ಸೇರದ ಹುಡುಗಿಯ ಬಟ್ಟಲನ್ನು ಅಮ್ಮನವರ ಕಣ್ಣು ತಪ್ಪಿಸಿ ತಾನು ಖಾಲಿ ಮಾಡುತ್ತಿದ್ದವಳು. ನಗರಸಭೆಯ ಮೂವರು ಟೋಪಿ ತೆಗೆಯದೆ ಒಳಗೆ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇರುತ್ತೀರೋ ಹೋಗುತ್ತೀರೋ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಇರುತ್ತೇನೆ ಎಂದು ಹೇಳಲು ಅವಳು ಸಿದ್ಧವಾಗಿದ್ದಳು. ಹೊರಬಾಗಿಲು ತೆರೆದಿತ್ತು. ಹದಿನೇಳು ವರ್ಷದಲ್ಲಿ ಮೊದಲ ಸಲ ಅದು ಹಾಗೆ ಹಗಲಲ್ಲಿ ಹಾರುಹೊಡೆದು ತೆರೆದಿತ್ತು. ಆಚೆ ಬೀದಿಯಲ್ಲಿ ಒಬ್ಬ ಕೈಗಾಡಿ ತಳ್ಳಿಕೊಂಡು ಬಂದವನು ನಿಂತು, ಗಾಡಿಯ ಅಂಚಿಗೆ ಕೂತು, ಬೂಟು ಬಿಚ್ಚಿ ಒಳಗಿನ ಹರಳು ಕೊಡವಿದ. ಬಿದ್ದ ಹರಳನ್ನು ಬಗ್ಗಿ ನೋಡಿ ಏನೋ ಗೊಣಗಿ ನಕ್ಕ. ಅಷ್ಟೇ. ಅವನು ಯಾಕೆ ನಕ್ಕ ಎಂದು ತಿಳಿಯದೆಯೇ ಈ ಗೋಡೆಯೊಳಗೆ ಸತ್ತುಹೋಗುತ್ತೇನಲ್ಲ ಅನ್ನಿಸಿತು ಅವಳಿಗೆ. ಹೋಗ್ತೀನಿ ಅಂದಳು. ಹೋಗ್ತೀನಿ ಅಂದದ್ದಕ್ಕೆ ಅವಳಿಗೆ ಆಮೇಲೆ ಅಷ್ಟು ಸಂಕಟವಾಗಲಿಲ್ಲ. ಆದರೆ ಹಾಗೆ ಅಂದ ಮರುಕ್ಷಣ, ಬರೆದುಕೊಳ್ಳುವವನ ಮೇಜಿನ ಕಡೆ ಸರಿಯಲು, ಅಕ್ಕನ ಮೊಣಕೈಯಿಂದ ಕೈ ತೆಗೆದುಬಿಟ್ಟಿದ್ದಳು. ಹಿಂತಿರುಗಿ ನೋಡಿದಾಗ ಅಕ್ಕನ ಕೈ ಗಾಳಿಯಲ್ಲಿ ಅವಳಿದ್ದ ಜಾಗವನ್ನು ತಡವುತ್ತಿತ್ತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಏಳು ತಿಂಗಳಿಂದ ಹಿಟ್ಟು ನಾದುವಾಗ, ನೀರು ಸೇದುವಾಗ, ಯೋಸ್ ಅಂಜುತ್ತ ಅವಳ ಭುಜ ಮುಟ್ಟುವಾಗ, ಆ ಕೈ ಗಾಳಿಯಲ್ಲಿ ತಡವುತ್ತಲೇ ಇತ್ತು.

‘ನಿಧಾನ. ನನಗೇನು ಕುದುರೆ ಕಾಲಾ?’ ಅಂದಳು ಅಜ್ಜಿ.

ಸೇತುವೆ ದಾಟಿದ ಮೇಲೆ ಮಠದ ಗೋಡೆ. ಗೋಪುರದಲ್ಲಿ ಗಂಟೆಯಿತ್ತು, ಹಗ್ಗವನ್ನು ನಗರಸಭೆಯವರು ಬಿಚ್ಚಿಕೊಂಡು ಹೋಗಿದ್ದರು. ಗೋಡೆಯ ಪಕ್ಕದ ಓಣಿಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ, ಅದಕ್ಕೆ ಕಬ್ಬಿಣದ ಜಾಲರಿ, ಜಾಲರಿಯ ಹಿಂದೆ ಕಪ್ಪು ಪರದೆ. ಹೊಲಿಗೆ ಕೊಡುವವರು, ಮೊಟ್ಟೆ ಮಾರುವವರು ಅಲ್ಲಿ ನಿಂತು ಮಾತಾಡುತ್ತಿದ್ದರು. ಒಳಗಿನವರ ಮುಖ ಕಾಣುತ್ತಿರಲಿಲ್ಲ. ಅಫ್ರಾ ಅಜ್ಜಿಯನ್ನು ಕಿಂಡಿಯ ಎದುರಿಗೆ ನಿಲ್ಲಿಸಿ ತಾನು ಪಕ್ಕದ ಗೋಡೆಗೆ ಬೆನ್ನು ಹಚ್ಚಿದಳು. ಅಕ್ಕನನ್ನು ಬಿಟ್ಟು ಯಾರಾದರೂ ಬರಲಿ, ಆ ಎಳೆಯ ಸನ್ಯಾಸಿನಿ ಯುಸ್ಟೀನಾ ಬರಲಿ, ಅಡುಗೆಯ ಬೆಪ್ಪು ಹೆಂಗಸು ಬರಲಿ. ಅಜ್ಜಿ ಕೋಲಿನಿಂದ ಜಾಲರಿ ತಟ್ಟಿದಳು. ಒಳಗೆ ಬಟ್ಟೆಯ ಸರಸರ, ಗೋಡೆ ತಡವುವ ಸದ್ದು.

‘ಯಾರಮ್ಮ?’

ವಾಲ್ಪುರ್ಗಕ್ಕನ ದನಿ. ಕಣ್ಣಿಲ್ಲದವಳನ್ನು ಬಾಗಿಲಿಗೆ ಕೂರಿಸಿದ್ದರು. ಹನ್ನೊಂದೇ ಜನರಲ್ಲಿ ಇನ್ನುಳಿದವರು ತೋಟ, ಅಡುಗೆ, ರೋಗಿಗಳೆಂದು ಹಂಚಿಹೋಗಿರಬೇಕು. ಅಫ್ರಾ ಉಸಿರು ಬಿಗಿಹಿಡಿದಳು.

‘ಬಾಚಣಿಗೆ ಯೋಸನ ಮನೆಯೋಳು ತಾಯಿ. ನನ್ನ ಮಗಳು ಸಿಬಿಲ್ಲಾ, ಹೋಗಿ ಇವತ್ತಿಗೆ ವರ್ಷ. ಒಂದು ಪ್ರಾರ್ಥನೆ ಬೇಕಿತ್ತು.’

‘ಬಾಚಣಿಗೆ ಯೋಸ್,’ ಅಂದಿತು ದನಿ. ‘ನಮ್ಮ ಅಫ್ರಾ ಹೋದ ಮನೆ.’

‘ಹೂಂ. ಅದೇ.’

‘ಹೇಗಿದ್ದಾಳೆ?’

ಅಜ್ಜಿ ಪಕ್ಕಕ್ಕೆ ತಿರುಗಿ ಅಫ್ರಾಳನ್ನು ನೋಡಿದಳು. ಅಫ್ರಾ ತಲೆಯಲ್ಲಾಡಿಸಿದಳು, ಬೇಡ, ಹೇಳಬೇಡಿ ಎಂದು. ಅವಳ ಕಣ್ಣಲ್ಲಿ ಅಜ್ಜಿಗೆ ಏನು ಕಂಡಿತೋ, ಅಜ್ಜಿ ಮತ್ತೆ ಜಾಲರಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು.

‘ಚೆನ್ನಾಗಿದ್ದಾಳೆ. ಯಾಕೆ ಇರಲ್ಲ? ರೊಟ್ಟಿ ಮಾಡ್ತಾಳೆ.’

‘ರೊಟ್ಟಿ ಮಾಡ್ತಾಳಾ?’ ದನಿಯಲ್ಲಿ ಸಣ್ಣ ನಗು. ‘ಉಬ್ಬತ್ತಾ?’

‘ಹೀಗೆ ಉಬ್ಬತ್ತೆ,’ ಎಂದು ಅಜ್ಜಿ ಕುರುಡಿಯ ಎದುರು ಕೈಯಗಲಿಸಿ ತೋರಿಸಿದಳು. ‘ಬೀದಿಯೋರು ಕೇಳ್ಕೊಂಡು ಬರ್ತಾರೆ.’

‘ಕೋಸು ತಿನ್ನಲ್ಲ ಅವಳು. ಬಲವಂತ ಮಾಡಬೇಡಿ.’

‘ನಮ್ಮನೇಲಿ ಯಾರೂ ಬಲವಂತ ಮಾಡಲ್ಲ ತಾಯಿ. ಅಳಿಯ ಅಂತೂ ಅವಳನ್ನ ಬನ್ನಿ ಕೂತ್ಕೊಳ್ಳಿ ಅಂತಾನೆ. ನನ್ನ ಮಗಳಿಗೆ ಒಂದಿನ ಹಾಗನ್ನಲಿಲ್ಲ.’

ಕಳೆದ ಗುರುವಾರ ತಾನೇ ಕೋಸನ್ನು ಬಟ್ಟಲಿಗೆ ಸುರಿದು, ತಿನ್ನು, ಇದು ಮಠವಲ್ಲ ಎಂದಿದ್ದಳು ಅಜ್ಜಿ. ಈಗ ಅವಳು ಸುಳ್ಳನ್ನು ಎಷ್ಟು ಸಲೀಸಾಗಿ, ಎಷ್ಟು ಹೊಟ್ಟೆತುಂಬ ಹೇಳುತ್ತಿದ್ದಳೆಂದರೆ ಅಫ್ರಾಳಿಗೆ, ಗೋಡೆಯ ತಣ್ಣನೆ ಕಲ್ಲು ಬೆನ್ನಿಗೆ ಒತ್ತುತ್ತಿದ್ದಂತೆ, ಆ ಸುಳ್ಳಿನೊಳಗಿನ ಅಫ್ರಾಳ ಮೇಲೆ ಹೊಟ್ಟೆಕಿಚ್ಚಾಯಿತು. ಇಬ್ಬರು ಮುದುಕಿಯರು ತನ್ನನ್ನು ನಡುವೆ ಇಟ್ಟುಕೊಂಡು ಒಂದು ಮಗುವಿಗೆ ಬಟ್ಟೆ ತೊಡಿಸಿದಂತೆ ತೊಡಿಸುತ್ತಿದ್ದರು. ತಾನು ಹೀಗೆ ಗೋಡೆಗಂಟಿ, ಕಳ್ಳಿಯಂತೆ, ಸತ್ತವಳ ಅಂಚು ಹೊಂದದ ಅಂಗಿಯಲ್ಲಿ.

‘ಪ್ರಾರ್ಥನೆ ಕೇಳಿದಿರಲ್ಲ,’ ಅಂದಳು ವಾಲ್ಪುರ್ಗಕ್ಕ. ‘ಹಾಡೋ ಹಾಗಿಲ್ಲ ಅಮ್ಮ. ಪಿಸುಮಾತಲ್ಲಿ ಹೇಳಬಹುದು. ಆದರೆ ಸತ್ತವರ ಕೀರ್ತನೇನ ನಾವು ಎರಡು ಸಾಲಾಗಿ ನಿಂತು ಹೇಳ್ತೀವಿ. ಒಂದು ಚರಣ ಈ ಸಾಲಿನೋರು, ಇನ್ನೊಂದು ಎದುರು ಸಾಲಿನೋರು. ಈಗ ಎಲ್ಲರೂ ತೋಟದಲ್ಲಿದ್ದಾರೆ, ನಾನೊಬ್ಬಳೇ. ಈ ಸಾಲಿಂದು ನಾನು ಹೇಳ್ತೀನಿ. ಎದುರು ಸಾಲಿನ ಜಾಗದಲ್ಲಿ ಅಷ್ಟು ಹೊತ್ತು ಸುಮ್ಮನಿರ್ತೀನಿ. ದೇವರಿಗೆ ಅರ್ಥವಾಗತ್ತೆ.’

‘ಅರ್ಧಂಬರ್ಧ ಆಗಲ್ವಾ ತಾಯಿ?’ ಅಂದಳು ಅಜ್ಜಿ. ಬೆಳಗಿನಿಂದ ಗಟ್ಟಿಯಾಗಿದ್ದ ಅವಳ ದನಿ ಅಲ್ಲಿ ಮಾತ್ರ ಮುರಿಯಿತು. ‘ಅವಳು ಒಂದನ್ನೂ ಅರ್ಧ ಬಿಟ್ಟೋಳಲ್ಲ.’

ಒಳಗಿನ ದನಿ ಆಗಲೇ ಶುರುಮಾಡಿತ್ತು. ಲ್ಯಾಟಿನ್ನಿನ ಮೊದಲ ಚರಣ ಪರದೆಯ ಹಿಂದಿನಿಂದ ಬಿಸಿ ಉಸಿರಿನಂತೆ ಬಂದು, ನಡುವೆ ನಿಂತು, ಮುಗಿಯಿತು. ಆಮೇಲೆ ಮೌನ. ಒಂದು ಚರಣದಷ್ಟು ಅಳೆದ ಮೌನ. ಓಣಿಯ ಕೊನೆಯಲ್ಲಿ ಯಾರೋ ಬಟ್ಟೆ ಜಾಡಿಸುತ್ತಿದ್ದರು. ಮೌನ ಮುಗಿದು ಮೂರನೆಯ ಚರಣ, ಮತ್ತೆ ಮೌನ. ಆ ಖಾಲಿ ಜಾಗ ಯಾರದೆಂದು ಅಫ್ರಾಳಿಗೆ ಗೊತ್ತಿತ್ತು. ಹದಿನೇಳು ವರ್ಷ ಅವಳು ನಿಂತದ್ದು ಎದುರು ಸಾಲಿನಲ್ಲೇ, ಅಕ್ಕನಿಗೆ ಮುಖ ಮಾಡಿ. ಅಜ್ಜಿ ಜಾಲರಿಗೆ ಹಣೆ ಹಚ್ಚಿ ನಿಂತಿದ್ದಳು. ಐದನೆಯ ಚರಣ ಮುಗಿದಾಗ ಅಫ್ರಾ ಗೋಡೆಯಿಂದ ಬೆನ್ನು ಕಿತ್ತು ಕಿಂಡಿಯ ಎದುರು ಬಂದು ನಿಂತಳು. ಬಾಯಿ ತೆರೆದಳು. ಆರನೆಯದು ತಾನಾಗಿ ಬಂತು. ತೊದಲಲಿಲ್ಲ. ಏಳು ತಿಂಗಳು ಮುಟ್ಟದಿದ್ದರೂ ತುಕ್ಕು ಹಿಡಿದಿರಲಿಲ್ಲ. ಒಳಗಿನ ದನಿ ಒಂದು ಕ್ಷಣ ತಡೆದು, ಏನೂ ಆಗದಂತೆ ಏಳನೆಯದನ್ನು ಎತ್ತಿಕೊಂಡಿತು. ಹೀಗೆ ಕೊನೆಯ ತನಕ, ಒಂದು ಒಳಗಿನಿಂದ, ಒಂದು ಹೊರಗಿನಿಂದ. ಹೆಸರು ಹೇಳುವ ಜಾಗ ಬಂದಾಗ ಅಕ್ಕ ಸುಮ್ಮನಾದಳು, ಅದು ನಿನ್ನದು ಎನ್ನುವಂತೆ. ‘ಸಿಬಿಲ್ಲಾ,’ ಅಂದಳು ಅಫ್ರಾ. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇಷ್ಟು ದಿನ ಅಂಗಿಯಾಗಿ, ಹಾಸಿಗೆಯಾಗಿ, ಬಟ್ಟಲಾಗಿ ಮನೆಯಲ್ಲೆಲ್ಲ ಹರಡಿಕೊಂಡಿದ್ದದ್ದು ಒಟ್ಟುಗೂಡಿ ಒಬ್ಬ ಹೆಂಗಸಾಗಿ, ಯಾರದೋ ಮಗಳಾಗಿ, ಎದುರಿಗೆ ಬಂದಂತಾಯಿತು.

‘ನಡುವೆ ಇನ್ನೂ ಅವಸರ ಮಾಡ್ತೀಯ,’ ಅಂದಳು ವಾಲ್ಪುರ್ಗಕ್ಕ.

‘ಅಕ್ಕ.’

‘ಬಂದಾಗಲೇ ಗೊತ್ತಾಯ್ತು. ಉಸಿರು ಬಿಗಿಹಿಡಿದ್ರೆ ನಿನ್ನ ಮೂಗು ಸೀಟಿ ಹೊಡೆಯತ್ತೆ. ಚಿಕ್ಕಂದಿನಿಂದ.’

‘ಅಕ್ಕ, ಅವತ್ತು ನಾನು ಕೈ ಬಿಟ್ಟೆ.’ ಹೇಳಬೇಕೆಂದು ಕಟ್ಟಿಟ್ಟ ಮಾತುಗಳೆಲ್ಲ ಎಲ್ಲಿಗೋ ಹೋಗಿ ಇಷ್ಟೇ ಉಳಿದಿತ್ತು. ‘ನೀವು ತಡವುತ್ತಿದ್ರಿ.’

‘ಹೌದಾ? ಮೇಜು ಸಿಕ್ತಲ್ಲ ನನಗೆ. ಮೇಜು ಹಿಡಿದೇ ನಿಂತಿದ್ದೆ.’

‘ಕೋಪ ಇಲ್ವಾ ನನ್ನ ಮೇಲೆ?’

‘ಇತ್ತು. ಚಳಿಗಾಲ ಪೂರ್ತಿ ಇತ್ತು. ಪ್ರಾರ್ಥನೇಲಿ ನಿನ್ನ ಹೆಸರು ಹೇಳೋ ಹೊತ್ತಿಗೆ ಬೇಕಂತಲೇ ಕೆಮ್ಮುತ್ತಿದ್ದೆ. ಆಮೇಲೆ ತೋಟದ ಕೆಲಸ ಬಂತು, ಬಟಾಣಿ ಹಾಕಬೇಕಿತ್ತು.’ ಜಾಲರಿಯ ಆಚೆ ಪರದೆ ಅಲುಗಾಡಿತು. ಬೆರಳುಗಳು ಬಟ್ಟೆಯ ಮೂಲಕ ಕಬ್ಬಿಣವನ್ನು ಒತ್ತಿದವು, ಅಫ್ರಾ ತನ್ನ ಬೆರಳುಗಳನ್ನು ಈಚೆಯಿಂದ ಅಲ್ಲೇ ಇಟ್ಟಳು. ‘ಅಲ್ಲಿ ಚೆನ್ನಾಗಿದ್ದೀಯೇನೆ? ಈಯಮ್ಮ ಹೇಳಿದ್ದು ನಾನು ನಂಬಲಿಲ್ಲ. ನಿನ್ನ ಕೈಯಲ್ಲಿ ರೊಟ್ಟಿ ಉಬ್ಬತ್ತಾ?’

‘ಇಲ್ಲ ಅಕ್ಕ. ಕಲ್ಲಿನ ಹಾಗಿರತ್ತೆ.’

‘ಕಲ್ಲೇನಲ್ಲ,’ ಅಂದಳು ಅಜ್ಜಿ, ಮೂಗು ಒರೆಸಿಕೊಳ್ಳುತ್ತ. ‘ಸಾರಲ್ಲಿ ನೆನೆಸಿದ್ರೆ ತಿನ್ನಬಹುದು.’

ತಿರುಗಿದಾಗ ಓಣಿಯ ಬಾಯಲ್ಲಿ ಬ್ರಿಗಿಟ್ಟಾ ನಿಂತಿದ್ದಳು. ಬಾಚಣಿಗೆಯವರ ಸಂಘದ ಹಿರಿಯನ ಹೆಂಡತಿ. ಕೈಯಲ್ಲಿ ಹಾಲಿನ ತಂಬಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಇಬ್ಬರನ್ನೂ ನೋಡಿದಳು, ಜಾಲರಿಯನ್ನು ನೋಡಿದಳು, ಅಫ್ರಾಳ ಅಂಗಿಯ ಅಂಚನ್ನೂ ಬಿಡದೆ ನೋಡಿದಳು. ‘ಏನ್ ಫ್ರೋನಕ್ಕ, ಇಷ್ಟು ದೂರ?’ ಅಂದು ಉತ್ತರಕ್ಕೆ ಕಾಯದೆ ಹೊರಟುಹೋದಳು. ಅಜ್ಜಿ ಅವಳ ಬೆನ್ನಿಗೆ ಒಂದು ಕೆಟ್ಟ ಮಾತು ಅಂದಳು, ಮಠದ ಗೋಡೆಯ ಹತ್ತಿರ ಅನ್ನಬಾರದ್ದು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಉಪಾಯ ಹೇಳುತ್ತಲೇ ಬಂದಳು: ಮೊಟ್ಟೆಗೆ ಹೋಗಿದ್ವಿ ಅಂತೀನಿ, ನೀನು ಬಾಯಿ ಬಿಡಬೇಡ, ಯೋಸನಿಗೆ ಗೊತ್ತಾದ್ರೆ ನೊಂದ್ಕೋತಾನೆ, ನಿನ್ನ ಕೂಡ ಮಾತು ಬಿಡ್ತಾನೆ. ಅಫ್ರಾ ಕೇಳಿಸಿಕೊಂಡಳು. ಸೇತುವೆಯ ಮೇಲೆ ಅಜ್ಜಿ ಸುಧಾರಿಸಿಕೊಳ್ಳಲು ನಿಂತಾಗ ಕೆಳಗೆ ನದಿ ಕಂದಾಗಿ, ಮಂಜು ಕರಗಿದ ನೀರಿನ ಭಾರದಿಂದ ಹರಿಯುತ್ತಿತ್ತು. ಹೆದರಿಕೆಯಾಗುತ್ತಿದೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಆಗುತ್ತಿತ್ತು. ಆದರೆ ಇದು ಹೆಸರಿರುವ ಹೆದರಿಕೆ, ಕೈಯಲ್ಲಿ ಹಿಡಿಯಬಹುದಾದದ್ದು.

ಯೋಸ್ ಮೇಜಿನ ಮುಂದೆ ಕೂತಿದ್ದ. ಒಲೆ ಆರಿತ್ತು, ಗಡ್ಡೆಗಳು ನೆಲದ ಮೇಲೆ ಉರುಳಿದ್ದವು, ನಾದಿದ ಹಿಟ್ಟು ಒಣಗಿ ಬಿರಿದಿತ್ತು. ಅವನು ಬೆಳಗಿನ ಗಂಜಿಯನ್ನು ತಣ್ಣಗೇ ಬಡಿಸಿಕೊಂಡು, ತಿನ್ನದೆ, ಬಾಗಿಲು ನೋಡುತ್ತಿದ್ದ. ಇಬ್ಬರೂ ಒಳಗೆ ಬಂದಾಗ ಎದ್ದು ನಿಂತ.

‘ಮೊಟ್ಟೆಗೆ ಹೋಗಿದ್ವಿ,’ ಅಂದಳು ಅಜ್ಜಿ.

‘ಮೊಟ್ಟೆ ಎಲ್ಲಿ ಅತ್ತೆ?’

‘ಸಿಗಲಿಲ್ಲ.’

‘ಮಠಕ್ಕೆ ಹೋಗಿದ್ವಿ,’ ಅಂದಳು ಅಫ್ರಾ. ‘ಇವತ್ತಿಗೆ ಒಂದು ವರ್ಷ. ಸತ್ತವರ ಕೀರ್ತನೆ ಹೇಳಿದ್ವಿ. ನಾನೇ ಹೇಳಿದೆ. ಬ್ರಿಗಿಟ್ಟಾ ನೋಡಿದ್ರು.’ ಒಂದೇ ಉಸಿರಿಗೆ ಹೇಳಿ ನಿಂತಳು.

ಅವನು ಕೂತುಕೊಂಡ. ಮೇಜಿನ ಮೇಲೆ ಇಟ್ಟ ಅವನ ಕೈಗಳು ಬೂದಿಯಿಂದ ಉಜ್ಜಿ ಉಜ್ಜಿ ಕೆಂಪಾಗಿದ್ದವು. ಪಾದ್ರಿ ಏನು ಹೇಳುತ್ತಾನೆಂದು ಅವನು ಹೇಳಬಹುದು, ಅವಳು ಬಿಟ್ಟುಬಂದದ್ದನ್ನು ಅವನ ಮನೆಗೆ ತಂದಳೆಂದು ಹೇಳಬಹುದು, ನಾಲ್ಕು ತಿಂಗಳ ಮರ್ಯಾದೆಯನ್ನೆಲ್ಲ ಒಂದೇ ಮಾತಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಹುದು. ಅವನು ಗಂಜಿಯ ಮೇಲೆ ಕಟ್ಟಿದ ಕೆನೆಯನ್ನು ಚಮಚೆಯಿಂದ ಪಕ್ಕಕ್ಕೆ ಸರಿಸಿದ.

‘ಹೆಸರು ಹೇಳಿದಿರಾ?’

‘ಹೇಳಿದೆ.’

‘ಮಣ್ಣು ಮಾಡುವಾಗ ಹೇಳಲಿಲ್ಲ,’ ಅಂದ. ‘ಆಗಷ್ಟೇ ಹೊಸ ಕ್ರಮ ಬಂದಿತ್ತು. ನಮ್ಮ ಈ ಸೋದರಿ ಅಂತ ಓದಿದ್ರು. ಯಾರ ಸೋದರಿಯೋ. ನಾನು ಪಕ್ಕದಲ್ಲೇ ಇದ್ದೆ, ಕೇಳಬಹುದಾಗಿತ್ತು, ಒಂದು ಸಲ ಸಿಬಿಲ್ಲಾ ಅನ್ನಿ ಅಂತ. ಹೊಸದಕ್ಕೆ ಮೊದಲು ಕೈಯೆತ್ತಿದೋನು ನಾನೇ, ಹೇಗೆ ಕೇಳೋದು ಅಂತ ಸುಮ್ಮನಾದೆ.’ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿ, ‘ನನಗೆ ಈಗಲೂ ಪಾದ್ರಿಗಳು ಹೇಳಿದ್ದೇ ಸರಿ ಅನ್ನಿಸತ್ತೆ. ಅವಳಿಗೆ ನಮ್ಮಿಂದ ಏನೂ ಬೇಕಿಲ್ಲ. ಆದರೆ ನೀವು ಹೇಳಿದ್ದು ಒಳ್ಳೇದಾಯ್ತು.’

‘ಸಂಘದೋರು ವಿಚಾರಣೆಗೆ ಕರೀತಾರೆ,’ ಅಂದಳು ಅಫ್ರಾ.

‘ಭಾನುವಾರ ಕರೀತಾರೆ. ಬ್ರಿಗಿಟ್ಟಾ ಇಷ್ಟು ಹೊತ್ತಿಗೆ ಗಂಡನಿಗೆ ಹೇಳಿ ಮುಗಿಸಿರ್ತಾಳೆ. ಹೋಗ್ತೀನಿ. ನಮ್ಮ ಮನೇಲಿ ಸತ್ತವಳನ್ನ ನೆನೆಸ್ಕೊಂಡ್ವಿ ಅಂತೀನಿ. ಬೈತಾರೆ, ದಂಡ ಹಾಕ್ತಾರೆ. ಹೊಡೆಯಲ್ಲ.’

ಅಜ್ಜಿ ಬೆಂಚಿಗೆ ಕುಸಿದು ಕಾಲು ಚಾಚಿಕೊಂಡಳು. ಅಳಿಯನ ಕಡೆ ನೋಡದೆ ಗೋಡೆಗೆ, ‘ನಿನಗೆ ನೆನಪೇ ಇಲ್ಲ ಅಂದ್ಕೊಂಡಿದ್ದೆ ಕಣೋ,’ ಅಂದಳು. ಮನೆಯಲ್ಲಿ ಯಾರೂ ಏನೂ ಮಾಡದೆ, ಒಲೆ ಹಚ್ಚದೆ, ಹೀಗೆ ಮೂವರೂ ಒಂದೇ ಕಡೆ ಇದ್ದದ್ದು ಅಫ್ರಾಳಿಗೆ ನೆನಪಿರಲಿಲ್ಲ. ಇಲ್ಲಿಗೆ ಬಂದಾಗಿನಿಂದ ಕೇಳಬಾರದೆಂದು ಅವಳು ನುಂಗಿಕೊಂಡಿದ್ದ ಮಾತೊಂದಿತ್ತು. ಅದು ಕೆಟ್ಟ ಕುತೂಹಲವೆಂದೂ, ಮನೆಯವರ ಗಾಯಕ್ಕೆ ಬೆರಳಿಟ್ಟಂತೆಂದೂ, ತನಗೆ ಆ ಹಕ್ಕಿಲ್ಲವೆಂದೂ ತಿಳಿದಿದ್ದಳು. ಹೆಸರನ್ನು ಕರೆದಾದ ಮೇಲೆ ಈಗ ಹಾಗೆ ಅನ್ನಿಸಲಿಲ್ಲ. ಮೂರು ಕಾಲಿನ ಸ್ಟೂಲನ್ನು ಮೇಜಿನ ಹತ್ತಿರ ಎಳೆದು ಕೂತಳು.

‘ಹೇಗಿದ್ರು ಅವರು?’

ಯೋಸ್ ತಬ್ಬಿಬ್ಬಾದ. ‘ಯಾರು, ಸಿಬಿಲ್ಲಾನಾ?’ ಚಮಚೆ ಕೆಳಗಿಟ್ಟ. ‘ಜೋರು. ತುಂಬಾ ಜೋರು.’

‘ಜೋರೇನಿರಲಿಲ್ಲ,’ ಅಂದಳು ಅಜ್ಜಿ. ‘ನೀನು ಮೆತ್ತಗಿದ್ದೆ.’

‘ಜೋರಿದ್ದಳು ಅತ್ತೆ. ಮದುವೆಯಾದ ಎರಡನೇ ದಿನ ನನ್ನ ಕೊಂಬಿನ ಬುಟ್ಟಿ ಎತ್ತಿ ಬೀದಿಗೆಸೆದಳು, ನಾತ ಅಂತ. ಪಕ್ಕದ ಮನೆ ಹಂದಿ ಎಲ್ಲಾ ಎಳ್ಕೊಂಡು ಹೋಯ್ತು.’ ಅವನ ಮುಖದಲ್ಲಿ ಅಫ್ರಾ ಎಂದೂ ಕಾಣದ ಏನೋ ಒಂದು ಸಡಿಲವಾಗುತ್ತಿತ್ತು. ‘ಆಮೇಲೆ ಪಾಪ ಅನ್ನಿಸ್ತು ಅವಳಿಗೆ. ಹೊಸ ಅಂಗಿ ಮೇಲಕ್ಕೆ ಕಟ್ಟಿ, ಹಂದಿ ಹಿಂದೆ ಓಡಿದಳು. ಅವಳ ಹಿಂದೆ ನಾನು.’

‘ಸಂತೆ ತನಕ,’ ಅಂದಳು ಅಜ್ಜಿ. ‘ಊರೆಲ್ಲ ನೋಡ್ತು.’

‘ಆಮೇಲೆ?’ ಅಂದಳು ಅಫ್ರಾ.